ಒಂಬತ್ತನೆಯ ಪ್ರಶ್ನೆ

ಮರೀನಾ ಎಂದು ಕರೆಯೋಣ. ಹೆಸರನ್ನೂ ಗುರುತು ಸಿಗುವ ವಿವರಗಳನ್ನೂ ಬದಲಿಸಿದ್ದೇನೆ. ನ್ಯೂಜೆರ್ಸಿಯ ಜರ್ಸಿ ಸಿಟಿಯಲ್ಲಿ ಶಾಲೆಯವರು ಈ 15 ವರ್ಷದ ಹುಡುಗಿಯನ್ನು ನನ್ನ ಬಳಿ ಕಳುಹಿಸಿದಾಗ ಪತ್ರದಲ್ಲಿದ್ದುದು ಎರಡೇ ದೂರು: ನಿದ್ದೆಯಿಲ್ಲ, ಅಂಕ ಕುಸಿದಿದೆ.

ಮೂರನೆಯ ಭೇಟಿಯವರೆಗೆ ಅವಳು ಹೆಚ್ಚೇನೂ ಹೇಳಲಿಲ್ಲ. ಆಮೇಲೆ ಒಮ್ಮೆಲೇ ಹೇಳಿಬಿಟ್ಟಳು.

ನಾಲ್ಕು ತಿಂಗಳ ಹಿಂದೆ ತಂದೆಯ ಸಕ್ಕರೆ ಕಾಯಿಲೆಯ ತಪಾಸಣೆಗೆ ಅವಳೇ ದುಭಾಷಿಯಾಗಿ ಹೋಗಿದ್ದಳು. ಖಿನ್ನತೆಯನ್ನು ಪತ್ತೆಹಚ್ಚುವ ಒಂಬತ್ತು ಪ್ರಶ್ನೆಗಳ ನಮೂನೆಯನ್ನು ನರ್ಸ್ ಓದುತ್ತ ಹೋದರು, ಹುಡುಗಿ ಅರೇಬಿಕ್‌ನಲ್ಲಿ ಹೇಳುತ್ತ ಹೋದಳು. ಹಸಿವು, ಸುಸ್ತು, ನಿದ್ದೆ. ಒಂಬತ್ತನೆಯದು, ಸತ್ತರೆ ಮೇಲು ಎನ್ನಿಸುತ್ತದೆಯೇ ಎಂಬುದು. ಅದನ್ನು ಮಗಳು ಅಪ್ಪನಿಗೆ ಕೇಳಬೇಕಾಯಿತು. ಅವರು ಗೋಡೆಯನ್ನು ನೋಡುತ್ತ "ಸಾಆತ್" ಎಂದರು. ಒಮ್ಮೊಮ್ಮೆ ಎಂದರ್ಥ. ಮರೀನಾ ನರ್ಸ್‌ಗೆ "ಇಲ್ಲ" ಎಂದಳು.

ಅಂದಿನಿಂದ ಅಪ್ಪ ರಾತ್ರಿ ಪಾಳಿ ಮುಗಿಸಿ ಬಂದು ಬಾಗಿಲಲ್ಲಿ ಬೀಗದ ಕೈ ತಿರುಗಿಸುವ ಸದ್ದು ಕೇಳುವವರೆಗೆ ಅವಳು ಎದ್ದೇ ಇರುತ್ತಿದ್ದಳು.

ತಂದೆ ಅಸ್ಯೂತ್‌ನಲ್ಲಿ ವಕೀಲರಾಗಿದ್ದವರು. ಈಜಿಪ್ಟಿನಲ್ಲಿ ವಕೀಲರನ್ನು ಫ್ರೆಂಚಿನಿಂದ ಬಂದ "ಮೆತ್ರ್" ಎಂಬ ಗೌರವದ ಪದದಿಂದ ಕರೆಯುವ ರೂಢಿಯಿದೆ. ವೀಸಾ ಲಾಟರಿಯಲ್ಲಿ ಹೆಸರು ಬಂದು ಇಲ್ಲಿಗೆ ಬಂದ ಮೇಲೆ ಅರೇಬಿಕ್‌ನಲ್ಲಿ ಕಲಿತ ಕಾನೂನು ಕೆಲಸಕ್ಕೆ ಬರಲಿಲ್ಲ. ನ್ಯೂಜೆರ್ಸಿಯಲ್ಲಿ ವಾಹನದವರು ತಾವೇ ಪೆಟ್ರೋಲ್ ತುಂಬಿಸಿಕೊಳ್ಳುವುದಕ್ಕೆ 1949ರಿಂದ ನಿಷೇಧವಿದೆ. ಹೀಗಾಗಿ ಇಂಗ್ಲಿಷ್ ಬಾರದ ಹೊಸಬರಿಗೂ ಬಂಕುಗಳಲ್ಲಿ ಕೆಲಸ ಸಿಗುತ್ತದೆ. ಮೆತ್ರ್ ಅಲ್ಲಿ ಸೇರಿಕೊಂಡರು. ಊರಿನಲ್ಲಿರುವ ತಾಯಿಗೆ ಮಾತ್ರ, ವಕೀಲರ ಕಚೇರಿಯಲ್ಲಿದ್ದೇನೆ ಎಂದೇ ಹೇಳಿದ್ದಾರೆ.

ಮರೀನಾಳಿಗೆ ನಾನು ಮೊದಲು ಹೇಳಿದ್ದು: ಇದನ್ನು ನಾನು ಗುಟ್ಟಾಗಿ ಇಟ್ಟುಕೊಳ್ಳಲಾರೆ, ಅಪ್ಪನ ಜೊತೆ ಇಂದೇ ಮಾತನಾಡುತ್ತೇನೆ. ಅತ್ತಳು. ಅದು ಸಿಟ್ಟಿನ ಅಳು ಎಂದುಕೊಂಡೆ. ಹೊರೆ ಇಳಿದದ್ದಕ್ಕೆ ಅತ್ತದ್ದೆಂದು ಆಮೇಲೆ ಅವಳೇ ಹೇಳಿದಳು.

ತಂದೆ ಬಂದರು, ಆದರೆ ಕುರ್ಚಿಯ ತುದಿಯಲ್ಲಿ ಕುಳಿತರು. "ದೊಕ್ತೋರಾ, ನಾನು ಅಬ್ಬಾಸಿಯಾದವನಲ್ಲ" ಎಂದರು. ಕೈರೊದ ಹಳೆಯ ಮಾನಸಿಕ ಆಸ್ಪತ್ರೆ ಇರುವುದು ಅಬ್ಬಾಸಿಯಾದಲ್ಲಿ. ಬೆಂಗಳೂರಿನಲ್ಲಿ ಬೆಳೆದ ನನಗೆ ಅರ್ಥವಾಗಲು ದುಭಾಷಿ ಬೇಕಾಗಲಿಲ್ಲ. ನಿಮ್ಹಾನ್ಸ್ ಹೆಸರು ಹೇಳಿ ನಗುವವರನ್ನು ಎಷ್ಟು ಕಂಡಿಲ್ಲ! ಉಳಿದೆಲ್ಲ ಮಾತಿಗೆ ಫೋನಿನಲ್ಲಿ ವಯಸ್ಕ ದುಭಾಷಿಯೊಬ್ಬರಿದ್ದರು. ಈಜಿಪ್ಟಿನ ಅರೇಬಿಕ್ ಬಲ್ಲವರೇ ಬೇಕೆಂದು ಕೇಳಿ ಪಡೆದಿದ್ದೆ. ಮೊರಾಕೊದ ಅರೇಬಿಕ್ ಎಷ್ಟೋ ಈಜಿಪ್ಟಿನವರಿಗೆ ತಿಳಿಯುವುದಿಲ್ಲ.

ಒಂಬತ್ತನೆಯ ಪ್ರಶ್ನೆಯನ್ನು ಮತ್ತೆ ಕೇಳಿದೆ. ಆ ಯೋಚನೆ ಬರುವುದುಂಟು, ಆದರೆ ಅದಕ್ಕೊಂದು ದಾರಿಯನ್ನು ಯೋಚಿಸಿಲ್ಲ, ಸಿದ್ಧತೆಯೂ ಇಲ್ಲ ಎಂದರು. ಮಗಳು ಅಂದು "ಇಲ್ಲ" ಎಂದಿದ್ದಳೆಂದು ತಿಳಿದಾಗ ಬಹಳ ಹೊತ್ತು ಮಾತನಾಡಲಿಲ್ಲ.

ಅವರಿಗೆ ಕೊಟ್ಟ ಸಲಹೆ ಇದು. ವೈದ್ಯರ ಬಳಿಗೆ ಇನ್ನು ಮಗಳನ್ನು ಕರೆದೊಯ್ಯಬೇಡಿ. ಸರ್ಕಾರದ ಹಣ ಪಡೆಯುವ ಚಿಕಿತ್ಸಾಲಯಗಳು ದುಭಾಷಿಯನ್ನು ಉಚಿತವಾಗಿ ಒದಗಿಸಬೇಕು, ತುರ್ತು ಸಂದರ್ಭ ಬಿಟ್ಟರೆ ಮಕ್ಕಳನ್ನು ಆ ಕೆಲಸಕ್ಕೆ ಹಚ್ಚಕೂಡದು ಎಂದು ಅಮೆರಿಕದ ಕಾನೂನೇ ಹೇಳುತ್ತದೆ. ಅಂದು ನಮೂನೆ ಹಿಡಿದು ಕುಳಿತಿದ್ದವರಿಗೆ ಅದು ತಿಳಿದಿರಬೇಕಿತ್ತು. ಯೋಚನೆ ಬಲವಾದ ರಾತ್ರಿ ಆತ್ಮಹತ್ಯೆ ತಡೆಯುವ ಸಹಾಯವಾಣಿ 988ಕ್ಕೆ ಕರೆ ಮಾಡಿ, "ಅರೇಬಿಕ್" ಎಂದಷ್ಟೇ ಹೇಳಿ. ಖಿನ್ನತೆಗೆ ಔಷಧದ ವಿಷಯವನ್ನು ವೈದ್ಯರೊಡನೆ ನೇರವಾಗಿ ಮಾತನಾಡಿ. ಈಜಿಪ್ಟಿನ ಕ್ರೈಸ್ತರ ಕಾಪ್ಟಿಕ್ ಚರ್ಚಿನ ಪಾದ್ರಿಯ ಬಳಿ, ಅವರು ಕರೆಯುವಂತೆ "ಅಬೂನಾ" ಬಳಿ, ಮನಸ್ಸು ಬಿಚ್ಚುವುದನ್ನು ನಿಲ್ಲಿಸಬೇಡಿ. ಇಲ್ಲಿಗೆ ಬರುವುದನ್ನೂ ನಿಲ್ಲಿಸಬೇಡಿ.

ತಾಯಿಗೆ ಹೇಳಿದ ಸುಳ್ಳಿನ ಬಗ್ಗೆ ಸಲಹೆ ಕೊಡಲಿಲ್ಲ. ಅದು ಅವರ ಮನೆಯ ಮಾತು. ವಕೀಲಿಕೆ ಬಿಟ್ಟ ಮೇಲೆ ಕೈಯಲ್ಲಿ ಏನು ಉಳಿದಿದೆ ಎಂದು ಕೇಳಿದೆ. ಚರ್ಚಿನವರು ಊರಿನ ಆಸ್ತಿಪತ್ರಗಳನ್ನು ತಂದು ಅರ್ಥ ಕೇಳುತ್ತಾರೆ ಎಂದರು. ಆಗ ಬೆನ್ನು ಕುರ್ಚಿಗೆ ಒರಗಿತ್ತು.

ಏಳು ತಿಂಗಳಾಯಿತು. ತಂದೆ ವಾರಕ್ಕೆ ಎರಡು ಸಂಜೆ ಇಂಗ್ಲಿಷ್ ತರಗತಿಗೆ ಹೋಗುತ್ತಾರೆ, ಕೆಲವೊಮ್ಮೆ ತಪ್ಪಿಸುತ್ತಾರೆ. ಮರೀನಾ ಹನ್ನೊಂದಕ್ಕೆ ಮಲಗುತ್ತಾಳೆ. ವಿದ್ಯುತ್ ಕಂಪನಿಯ ಕರೆ ಬಂದರೆ ಅವಳ ತಾಯಿ ಈಗಲೂ ಫೋನನ್ನು ಮಗಳ ಕೈಗೇ ಕೊಡುತ್ತಾರಂತೆ. ಅದಕ್ಕೆ ನಾನು ಬೇಡವೆನ್ನಲಿಲ್ಲ.