ಬಸ್ಸಿನಲ್ಲಿ ಕೇಳೋದಕ್ಕೆ ಇಯರ್‌ಫೋನ್: ಮೊದಲು ರಬ್ಬರ್ ಟಿಪ್ ನೋಡಿ

ನೀವು ದಿನಾ ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗಿ ಬರುತ್ತೀರಿ. ಗದ್ದಲದಲ್ಲಿ ಹಾಡು ಸರಿಯಾಗಿ ಕೇಳುವುದಿಲ್ಲ. 3000 ರೂಪಾಯಿ ಒಳಗೆ ಹೊರಗಿನ ಶಬ್ದ ತಡೆಯುವ ಇಯರ್‌ಫೋನ್ ಬೇಕು, ನಾಯ್ಸ್ ಕ್ಯಾನ್ಸಲೇಶನ್ (ಹೊರಗಿನ ಸದ್ದನ್ನು ಇಯರ್‌ಫೋನೇ ಅಳಿಸುವ ವ್ಯವಸ್ಥೆ) ಇರಲೇಬೇಕಾ ಅಂತ ಕೇಳಿದ್ದೀರಿ. ಕಿವಿ ಸಣ್ಣದು, ಅರ್ಧ ಗಂಟೆಗೇ ನೋವು ಬರುತ್ತದೆ ಅಂತಲೂ ಬರೆದಿದ್ದೀರಿ.

ನಾನೂ ಅದೇ ದಾರಿಯವಳು. ಬೆಳಿಗ್ಗೆ ಉಡುಪಿಯಲ್ಲಿ ಹತ್ತಿದರೆ ಕಾಪು, ಪಡುಬಿದ್ರಿ, ಮೂಲ್ಕಿ, ಸುರತ್ಕಲ್ ದಾಟಿ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಇಳಿಯುವುದು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಒಂದು ಮಾತು. ಹೊರಗಿನ ಶಬ್ದವನ್ನು ತಡೆಯುವುದು ಇಯರ್‌ಫೋನಿನ ಬೆಲೆ ಅಲ್ಲ, ಅದರ ತುದಿಯಲ್ಲಿರುವ ಆ ಸಣ್ಣ ರಬ್ಬರ್ ಟಿಪ್. ಟಿಪ್ ಕಿವಿಯ ದಾರಿಯನ್ನು ಸುತ್ತಲೂ ಮುಚ್ಚಿಕೊಂಡರೆ 2000 ರೂಪಾಯಿಯದ್ದೂ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದು ಕೂದಲೆಳೆಯಷ್ಟು ಸಂದಿ ಉಳಿದರೂ 10,000 ರೂಪಾಯಿಯದ್ದು ಸುಮ್ನೆ ನೇತಾಡುತ್ತದೆ.

ಇದು ನನಗೆ ಗೊತ್ತಾಗಿದ್ದು ತಡವಾಗಿ. ಎರಡು ವರ್ಷ ನಾನು ಕಿವಿಯ ಬಾಯಲ್ಲಿ ಸುಮ್ನೆ ಕೂರುವ, ಟಿಪ್ ಇಲ್ಲದ ಇಯರ್‌ಫೋನ್ ಹಾಕುತ್ತಿದ್ದೆ. ಡ್ರೈವರ್ ಹಾರನ್ ಒತ್ತಿದ ಹಾಗೆಲ್ಲ ನಾನು ವಾಲ್ಯೂಮ್ ಏರಿಸುತ್ತಿದ್ದೆ. ಪಣಂಬೂರು ಮುಟ್ಟುವಾಗ ಫುಲ್ ಆಗಿರುತ್ತಿತ್ತು. ರಾತ್ರಿ ಮಲಗಿದರೆ ಎಡಗಿವಿಯಲ್ಲಿ ಗುಂಯ್ ಅನ್ನುವ ಶಬ್ದ. ಫ್ಯಾನಿನದ್ದು ಅಂದುಕೊಂಡಿದ್ದೆ. ಒಂದು ದಿನ ಕರೆಂಟ್ ಹೋಯಿತು, ಫ್ಯಾನ್ ನಿಂತಿತು, ಶಬ್ದ ನಿಲ್ಲಲಿಲ್ಲ. ಆಗ ಹೆದರಿ ಕಿವಿ ಡಾಕ್ಟರ ಹತ್ತಿರ ಹೋದೆ. ಅವರು ಶ್ರವಣ ಪರೀಕ್ಷೆ ಮಾಡಿಸಿ ಕಾಗದ ತೋರಿಸಿದರು. ಗೆರೆ ನೆಟ್ಟಗೆ ಬಂದು 4000 ಹರ್ಟ್ಸ್ ಹತ್ತಿರ, ಅಂದರೆ ಏರು ಸ್ವರಗಳ ಕಡೆ, ಸಣ್ಣಗೆ ತಗ್ಗಿತ್ತು. ಜೋರು ಶಬ್ದಕ್ಕೆ ಕಿವಿ ಸೋಲಲು ಶುರುವಾಗುವುದು ಸಾಮಾನ್ಯವಾಗಿ ಅಲ್ಲಿಂದಲೇ, ಹೋದದ್ದು ತಿರುಗಿ ಬರುವುದಿಲ್ಲ ಅಂದರು. ಆ ತಗ್ಗು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಒಂದು ಉಂಟು. 80 ಡೆಸಿಬೆಲ್ (ಶಬ್ದ ಎಷ್ಟು ಜೋರು ಅಂತ ಹೇಳುವ ಅಳತೆ) ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. ಶಬ್ದ 3 ಡೆಸಿಬೆಲ್ ಏರಿದ ಹಾಗೆ ಆ ಸಮಯ ಅರ್ಧವಾಗುತ್ತಾ ಹೋಗುತ್ತದೆ. 90 ಡೆಸಿಬೆಲ್‌ಗೆ ಬಂದರೆ ವಾರಕ್ಕೆ ಬರೀ 4 ಗಂಟೆ. ನಮ್ಮ ಬಸ್ಸಿಗೆ ಇದನ್ನು ಹೊಂದಿಸಿ ನೋಡಿ. ಹೋಗಲು ಒಂದೂಕಾಲು ಗಂಟೆ, ಬರಲು ಒಂದೂಕಾಲು ಗಂಟೆ. ಗದ್ದಲ ಮೀರಿಸಲು 90ಕ್ಕೆ ಏರಿಸಿಕೊಂಡರೆ ಮಂಗಳವಾರ ಸಂಜೆ ವಾಪಸ್ ಬರುವ ಬಸ್ಸಿನಲ್ಲೇ ವಾರದ ಪಾಲು ಮುಗಿಯಿತು! ಹೊರಗಿನ ಶಬ್ದ ತಡೆದರೆ ವಾಲ್ಯೂಮ್ ಏರಿಸುವ ಅಗತ್ಯವೇ ಬರುವುದಿಲ್ಲ. ನಾನು ಇದಕ್ಕೆ ಇಷ್ಟು ಒತ್ತು ಕೊಡುವುದು ಅದಕ್ಕೇ.

ಇನ್ನು ಟಿಪ್ ಆರಿಸುವುದು ಹೇಗೆ? ಹೊಸ ಡಬ್ಬಿಯಲ್ಲಿ ಸಣ್ಣದು, ಮಧ್ಯಮ, ದೊಡ್ಡದು ಅಂತ ಮೂರು ಜೊತೆ ಇರುತ್ತವೆ. ಹೆಚ್ಚಿನವರು ಮೊದಲೇ ಹಾಕಿ ಬಂದ ಮಧ್ಯಮ ಸೈಜಿನಲ್ಲೇ ಉಳಿಯುತ್ತಾರೆ. ದಯವಿಟ್ಟು ಮೂರೂ ಹಾಕಿ ನೋಡಿ, ಎರಡು ಕಿವಿಗೂ ಬೇರೆ ಬೇರೆಯಾಗಿ. ನನ್ನ ಎಡಗಿವಿಗೆ ಸಣ್ಣದು, ಬಲಗಿವಿಗೆ ಮಧ್ಯಮ. ಎರಡು ಕಿವಿ ಒಂದೇ ಅಳತೆ ಇರಬೇಕೆಂದಿಲ್ಲ. ನಿಮಗೆ ಅರ್ಧ ಗಂಟೆಗೆ ನೋವು ಬರುವುದು ಟಿಪ್ ದೊಡ್ಡದಾಗಿದ್ದಕ್ಕೇ ಇರಬಹುದು.

ಹಾಕುವುದಕ್ಕೂ ಕ್ರಮ ಇದೆ. ಎಡಗಿವಿಗೆ ಹಾಕುವಾಗ ಬಲಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ತುದಿ ಹಿಡಿದು ಸ್ವಲ್ಪ ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಒಳಗಿನ ಡೊಂಕು ದಾರಿ ನೆಟ್ಟಗಾಗುತ್ತದೆ. ಆಗ ಟಿಪ್ಪನ್ನು ಮೆಲ್ಲಗೆ ತಿರುಗಿಸುತ್ತಾ ಒಳಗೆ ಕೂರಿಸಿ ಕಿವಿ ಬಿಡಿ. ಸರಿ ಕೂತಾಗ ಸುತ್ತಲಿನ ಸದ್ದು ಒಮ್ಮೆಲೇ ದೂರ ಹೋದ ಹಾಗೆ ಆಗುತ್ತದೆ, ನೀರಲ್ಲಿ ಮುಳುಗಿದಾಗ ಆಗುತ್ತದಲ್ಲ, ಹಾಗೆ. ತೆಗೆಯುವಾಗ ಮಾತ್ರ ರಪ್ಪಂತ ಎಳೆಯಬೇಡಿ, ಒಳಗಿನ ಗಾಳಿ ಕಿವಿ ತಮಟೆಯನ್ನು ಎಳೆಯುತ್ತದೆ.

ಸರಿ ಕೂತಿದೆಯಾ ಅಂತ ನೋಡಲು ನಾನು ಯಕ್ಷಗಾನದ ರೆಕಾರ್ಡಿಂಗ್ ಹಾಕುತ್ತೇನೆ. ಚೆಂಡೆಯನ್ನು ನಂಬಬೇಡಿ. ಅದರ ಪೆಟ್ಟು ಚುರುಕು, ಟಿಪ್ ಸಡಿಲ ಇದ್ದರೂ ಕೇಳುತ್ತದೆ. ಮದ್ದಳೆಯ ಎಡಭಾಗದ ದಪ್ಪ ನಾದ ಕೇಳಿ. ಸಂದಿ ಇದ್ದರೆ ಮೊದಲು ಸೋರಿ ಹೋಗುವುದು ತಗ್ಗಿನ ಸ್ವರಗಳೇ. ಮದ್ದಳೆ ತಗಡು ಬಡಿದ ಹಾಗೆ ಕೇಳಿದರೆ ಬೆರಳಿನಿಂದ ಇಯರ್‌ಫೋನನ್ನು ಮೆಲ್ಲಗೆ ಒಳಗೆ ಒತ್ತಿ. ನಾದ ತುಂಬಿಕೊಂಡಿತಾ? ಹಾಗಾದರೆ ಟಿಪ್ ಸರಿ ಕೂತಿಲ್ಲ, ಸೈಜ್ ಬದಲಿಸಿ. ಬಾಸ್ ಇಲ್ಲ ಅಂತ ಜನ ಬೈಯುವ ಎಷ್ಟೋ ಇಯರ್‌ಫೋನಿನ ನಿಜವಾದ ತೊಂದರೆ ಇದೇ.

ಮೂರೂ ಹೊಂದದಿದ್ದರೆ ಫೋಮ್ ಟಿಪ್ ತರಿಸಿ. ಬೆರಳಲ್ಲಿ ಹೊಸೆದು ಸಪೂರ ಮಾಡಿ ಕಿವಿಗೆ ಹಾಕಿ ಅರ್ಧ ನಿಮಿಷ ಹಿಡಿದುಕೊಂಡರೆ ಒಳಗೆ ಉಬ್ಬಿಕೊಂಡು ಕಿವಿಯ ಆಕಾರಕ್ಕೇ ಕೂರುತ್ತದೆ. ತಡೆಯುವುದರಲ್ಲಿ ರಬ್ಬರಿಗಿಂತ ಒಂದು ಕೈ ಮೇಲು, ಸಣ್ಣ ಕಿವಿಗೆ ಮೆತ್ತಗೂ ಇರುತ್ತದೆ. ಆದರೆ ಕೆಲವೇ ತಿಂಗಳು ಬಾಳಿಕೆ. ನಮ್ಮ ಕರಾವಳಿಯ ಸೆಖೆಗೆ, ಬೆವರಿಗೆ ಬೇಗ ಪಿಸುಕಲಾಗುತ್ತದೆ. ನಾನು ಈಗ ಬಳಸುವುದು ಇದನ್ನೇ.

ನಾಯ್ಸ್ ಕ್ಯಾನ್ಸಲೇಶನ್ ವಿಷಯ. ಅದರಲ್ಲಿ ಒಂದು ಮೈಕ್ ಹೊರಗಿನ ಶಬ್ದ ಕೇಳಿ, ಅದಕ್ಕೆ ವಿರುದ್ಧವಾದ ಅಲೆಯನ್ನು ಒಳಗೆ ಬಿಟ್ಟು ಅಳಿಸುತ್ತದೆ. ಎಂಜಿನಿನ ಗುರ್ ಅನ್ನುವ ಹಾಗೆ ಒಂದೇ ಸಮನೆ ಬರುವ ತಗ್ಗಿನ ಸದ್ದಿಗೆ ಅದು ಚೆನ್ನಾಗಿ ಆಗುತ್ತದೆ. ಆದರೆ ಹಠಾತ್ತನೆ ಬರುವ ಹಾರನ್ನು, ಕಂಡಕ್ಟರ್ ಊದುವ ಸೀಟಿ, ಹಿಂದಿನ ಸೀಟಿನ ಮಾತು, ಇದಕ್ಕೆಲ್ಲ ಬೇಕಾಗುವುದು ಟಿಪ್ಪಿನ ತಡೆಯೇ. ನಿಮ್ಮ ಬಜೆಟ್ಟಿನಲ್ಲಿ ನಾನಾದರೆ ಅದಕ್ಕೆ ಹಣ ಹಾಕುವುದಿಲ್ಲ. ಒಳ್ಳೆಯ ವಯರಿನ ಇಯರ್‌ಫೋನ್, ಜೊತೆಗೆ ಒಂದು ಪ್ಯಾಕೆಟ್ ಫೋಮ್ ಟಿಪ್ ತೆಗೆದುಕೊಳ್ಳುತ್ತೇನೆ. ಚಾರ್ಜ್ ಮಾಡುವ ತಲೆಬಿಸಿಯೂ ಇಲ್ಲ. ಫೋನಿನಲ್ಲಿ ವಯರ್ ಚುಚ್ಚುವ ಜಾಗ ಇಲ್ಲದಿದ್ದರೆ ಟೈಪ್-ಸಿ ವಯರಿನದ್ದೇ ಸಿಗುತ್ತದೆ.

ಹೆಸರು ಬೇಕು ಅಂದರೆ ಮೂನ್‌ಡ್ರಾಪ್ ಕಂಪೆನಿಯ ಚೂ ನೋಡಿ. ಸಪೂರ, ಹಗುರ, ಸಣ್ಣ ಕಿವಿಗೆ ಕೂರುತ್ತದೆ. ಮುಂದೆ ಹಣ ಕೂಡಿದರೆ ಶೂರ್ ಕಂಪೆನಿಯ ಎಸ್‌ಇ215. ಅದು 37 ಡೆಸಿಬೆಲ್‌ವರೆಗೆ ತಡೆಯುತ್ತದೆ ಅಂತ ಕಂಪೆನಿಯೇ ಹೇಳುತ್ತದೆ. ಯಾವುದೇ ತೆಗೆದುಕೊಳ್ಳಿ, ಹೊರಮೈಯಲ್ಲಿ ಗಾಳಿ ತೂತು ಕಡಿಮೆ ಇರುವುದನ್ನು ನೋಡಿ. ದೊಡ್ಡ ತೂತಿದ್ದರೆ ಅಲ್ಲಿಂದಲೇ ಬಸ್ಸು ಒಳಗೆ ಬರುತ್ತದೆ ಮಾರಾಯ್ರೆ.

ಕಿವಿ ಮುಚ್ಚಿದ ಮೇಲೆ ಕೆಲವು ಹೊಸ ಸದ್ದು ಕೇಳುತ್ತವೆ, ಗಾಬರಿ ಬೇಡ. ನಡೆಯುವಾಗ ನಿಮ್ಮದೇ ಹೆಜ್ಜೆ ದಬ್ ದಬ್ ಅನ್ನುತ್ತದೆ. ಚಕ್ಕುಲಿ ತಿಂದರೆ ತಲೆಯೊಳಗೇ ಕಲ್ಲು ಒಡೆದ ಹಾಗಾಗುತ್ತದೆ. ವಯರ್ ಬಟ್ಟೆಗೆ ಉಜ್ಜಿದರೆ ಗರಗರ. ಈ ಗರಗರಕ್ಕೆ ಮದ್ದು ಉಂಟು: ವಯರನ್ನು ಕಿವಿಯ ಮೇಲಿನಿಂದ ಹಿಂದಕ್ಕೆ ಸುತ್ತಿ ಇಳಿಸಿ.

ಮಳೆಗಾಲದಲ್ಲಿ ಜಾಸ್ತಿ ಜಾಗ್ರತೆ ಬೇಕು. ಒದ್ದೆ ಕಿವಿಗೆ ಟಿಪ್ ಹಾಕಿ ಮುಚ್ಚಿದರೆ ಒಳಗೆ ತೇವ, ಬಿಸಿ ಎರಡೂ ನಿಂತು ಶಿಲೀಂಧ್ರ ಹತ್ತುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ನಾನು ಬಸ್ ಹತ್ತಿದ ಮೇಲೆ ಕರ್ಚೀಫಿನಲ್ಲಿ ಕಿವಿ ಒರೆಸಿ, ಹೆಜಮಾಡಿ ಟೋಲ್ ದಾಟುವವರೆಗೆ ಹಾಗೇ ಆರಲು ಬಿಡುತ್ತೇನೆ. ವಾರಕ್ಕೊಮ್ಮೆ ರಬ್ಬರ್ ಟಿಪ್ ಕಳಚಿ ಸೋಪಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಒಂದು ಕಡೆ ಸದ್ದು ಸಣ್ಣದಾದರೆ ಕೂಡಲೇ ಹಾಳಾಯಿತು ಅನ್ನಬೇಡಿ. ಜಾಲರಿಯಲ್ಲಿ ಗುಗ್ಗೆ ಕೂತಿರುತ್ತದೆ. ಬಾಯಿ ಕೆಳಗೆ ಮಾಡಿ ಹಿಡಿದು ಒಣ ಬ್ರಷ್ಷಿನಿಂದ ಉಜ್ಜಿದರೆ ಉದುರುತ್ತದೆ.

ಇಳಿಯುವ ಮೊದಲೇ ಎರಡೂ ತೆಗೆದು ಚೀಲಕ್ಕೆ ಹಾಕಿ. ಹೈವೇ ದಾಟುವಾಗ ಬೇಡವೇ ಬೇಡ, ಹಿಂದಿನಿಂದ ಬರುವ ಬೈಕ್ ಕೂಡ ಗೊತ್ತಾಗುವುದಿಲ್ಲ.

ನನ್ನ ವಾಲ್ಯೂಮ್ ಈಗ ಅರ್ಧಕ್ಕಿಂತ ಕೆಳಗೆ. ಮೊನ್ನೆ ಕೂಳೂರು ಸೇತುವೆ ಮೇಲೆ ಬಸ್ಸು ಟ್ರಾಫಿಕ್ಕಿನಲ್ಲಿ ನಿಂತು ಸುತ್ತ ಎಲ್ಲರೂ ಹಾರನ್ ಒತ್ತುತ್ತಿದ್ದರು. ಪದ ಎತ್ತುವ ಮೊದಲು ಭಾಗವತರು ಉಸಿರು ಎಳೆದುಕೊಂಡದ್ದು ನನಗೆ ಕೇಳಿಸಿತು. ನಿಮಗೆ ಯಾವ ಕಿವಿಗೆ ಯಾವ ಸೈಜ್ ಕೂತಿತು ಅಂತ ಇಲ್ಲೇ ಬರೆಯಿರಿ, ಫೋಮ್ ಟಿಪ್ಪಿನ ಅಳತೆ ನೋಡಿ ಹೇಳುತ್ತೇನೆ.