ಚಿತ್ರವನ್ನೂ ಬರೀತೀನಿ, ಕಥೆಯನ್ನೂ ಬರೀತೀನಿ. ಯಾವ ಕಾಲೇಜು ಸೇರಲಿ?

ಬಾಗಲಕೋಟೆಯಲ್ಲಿ ಸೆಕೆಂಡ್ ಪಿಯುಸಿ ಮುಗಿದಿದೆ, ಚಿತ್ರ ಬಿಡಲಾರೆ, ಕಥೆಯನ್ನೂ ಬಿಡಲಾರೆ, ಬೆಳಗಾವಿಗೆ ಹೋಗಲೋ ಬೆಂಗಳೂರಿಗೋ ಅಂತ ಕೇಳಿದ್ದೀಯ.

ತಂಗಿ, ಊರಿನ ಮಾತು ಆಮೇಲೆ. ಮೊದಲು ಬಿಎನೋ ಬಿವಿಎನೋ (ಬ್ಯಾಚುಲರ್ ಆಫ್ ವಿಷುಯಲ್ ಆರ್ಟ್ಸ್, ಅಂದರೆ ದೃಶ್ಯಕಲೆಯ ಪದವಿ) ಅಂತ ತೀರ್ಮಾನ ಮಾಡು. ಬಿಎ ಮೂರು ವರ್ಷ, ಬಿವಿಎ ನಾಲ್ಕು. ಬಿವಿಎ ಮೊದಲ ವರ್ಷ ಎಲ್ಲರಿಗೂ ಒಂದೇ ಪಾಠ. ಆಮೇಲೆ ಪೇಂಟಿಂಗ್, ಶಿಲ್ಪ, ಅಪ್ಲೈಡ್ ಆರ್ಟ್ ಅಂತ ದಾರಿ ಬೇರೆಯಾಗುತ್ತದೆ. ದಿನವೆಲ್ಲ ಕೈಕೆಲಸ. ಫೀ ಒಂದನ್ನೇ ಲೆಕ್ಕ ಹಾಕಬೇಡ, ಬಣ್ಣ, ಕ್ಯಾನ್ವಾಸಿನ ಖರ್ಚನ್ನು ಮನೆಯಲ್ಲಿ ಮೊದಲೇ ಹೇಳಿಬಿಡು.

ನನ್ನ ಕೇಳಿದರೆ, ಕಥೆ ಬರೆಯುವುದನ್ನು ಹಾಸ್ಟೆಲ್ ಮಂಚದ ಮೇಲೆ ಕೂತು ಓದಿ ಓದಿ ಒಬ್ಬಳೇ ಕಲಿಯಬಹುದು. ಆದರೆ ಮೈಕಟ್ಟಿನ ಅಳತೆ, ನೆರಳು ಬೆಳಕು ಹಾಗಲ್ಲ. ಪಕ್ಕದಲ್ಲಿ ಒಬ್ಬರು ನಿಂತು ತಿದ್ದಲೇಬೇಕು. ಅದಕ್ಕೇ ಎರಡೂ ಸಮ ಅನಿಸಿದರೆ ಬಿವಿಎ ಕಡೆ ಹೋಗು. ಬರವಣಿಗೆಯೇ ಒಂದು ತೂಕ ಜಾಸ್ತಿ ಅನಿಸಿದರೆ ಐಚ್ಛಿಕ ಕನ್ನಡ ಇಟ್ಟುಕೊಂಡು ಮನೆ ಹತ್ತಿರವೇ ಬಿಎ ಮಾಡು, ಸಂಜೆ ಒಳ್ಳೆಯ ಡ್ರಾಯಿಂಗ್ ಮಾಸ್ತರನ್ನು ಹುಡುಕಿಕೋ.

ಮಾಸ್ತರು ಅಂದೆ, ಸುಮ್ನೆ ಅಲ್ಲ. ಬೆಳಗಾವಿಯ ಚಿತ್ರಕಲಾವಿದ ಕೆ.ಬಿ. ಕುಲಕರ್ಣಿ ಅವರು ಕಲಿಸುತ್ತಿದ್ದದ್ದು ಬೆನನ್ ಸ್ಮಿತ್ ಹೈಸ್ಕೂಲಿನಲ್ಲಿ. ದೊಡ್ಡ ಕಾಲೇಜಲ್ಲ, ಹೈಸ್ಕೂಲು! ರವಿ ಪರಾಂಜಪೆಯಂಥ ಕಲಾವಿದ ಅವರ ಕೈಯಲ್ಲೇ ಪಳಗಿದವರು.

ನಾನು ಮಾತ್ರ ಹೆಸರು ನೋಡಿ ಬಿಎ ಸೇರಿದವಳು. ಕಟ್ಟಡ ಅರಮನೆ ಇದ್ದ ಹಾಗಿತ್ತು. ಲೈಬ್ರರಿಯ ಕಪಾಟಿಗೆ ಬೀಗ, ಕೀಲಿ ಪ್ಯೂನ್ ಹತ್ತಿರ, ಪ್ಯೂನ್ ಯಾವಾಗಲೂ ರಜೆ. ಮೂರು ವರ್ಷದಲ್ಲಿ ಅಲ್ಲಿಂದ ನಾಲ್ಕು ಪುಸ್ತಕ ಮನೆಗೆ ತಂದಿರಬಹುದು. ಆದ್ದರಿಂದ ಅರ್ಜಿ ಹಾಕುವ ಮುಂಚೆ ಕ್ಲಾಸು ನಡೆಯುವ ದಿನ ಹೋಗಿ ಬಾ. ಕಪಾಟು ತೆಗೆಸಿ ನೋಡು. ಕೊನೆಯ ವರ್ಷದ ಹುಡುಗಿಯೊಬ್ಬಳ ಸ್ಕೆಚ್ ಬುಕ್ ಕೇಳು. ಪ್ರಾಸ್ಪೆಕ್ಟಸ್‌ನಲ್ಲಿ ಸಿಗದ್ದು ಅದರಲ್ಲಿ ಸಿಗುತ್ತದೆ. ಲೇಡೀಸ್ ಹಾಸ್ಟೆಲ್ ಊಟದ ಬಗ್ಗೆಯೂ ಅವಳನ್ನೇ ಕೇಳಿಬಿಡು.

ಮೈಸೂರಿನ ಕಾವಾ (ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು), ಬೆಂಗಳೂರಿನ ಚಿತ್ರಕಲಾ ಪರಿಷತ್ತು ನಿನ್ನ ತಲೆಯಲ್ಲಿದ್ದರೆ ಡ್ರಾಯಿಂಗ್ ಟೆಸ್ಟಿಗೆ ಕೈ ಸಿದ್ಧವಿರಬೇಕು. ಅದಕ್ಕೆ ಕೋಚಿಂಗ್ ಯಾಕೆ? ಬಾಗಲಕೋಟೆಯಲ್ಲಿ ಬಾದಾಮಿ ರೈಲು ಹತ್ತು. ಕ್ರಿ.ಶ. 578ರ ಶಾಸನವಿರುವ ಮೂರನೇ ಗುಹೆಗೆ ಹೋಗು. ಶೇಷನ ಸುರುಳಿಯ ಮೇಲೆ ಕೂತ ವಿಷ್ಣು ಇದ್ದಾನೆ. ಅವನ ಮಡಿಚಿದ ಮೊಣಕಾಲು ಸರಿಯಾಗಿ ಬರಲು ನನಗೆ ಮೂರು ಭಾನುವಾರ ಬೇಕಾಯಿತು. ರೊಟ್ಟಿ ಗಂಟನ್ನು ಮಾತ್ರ ಚೀಲದೊಳಗೇ ಇಟ್ಟುಕೋ, ಅಲ್ಲಿ ಮಂಗಗಳು ಬಹಳ.