ಅವ್ವನ ಸೀರೆಯ ಕಸೂತಿಯನ್ನು ಟೈಲ್ಸ್ ಮೇಲೆ ಬರೆಸಿದರೆ ಬಣ್ಣ ನಿಲ್ಲುತ್ತದೆಯೇ?

ಹುಬ್ಬಳ್ಳಿಯಲ್ಲಿ ಮನೆ ಕಟ್ಟಿಸುತ್ತಿದ್ದೀರಿ. ಪಡಸಾಲೆಯ ಗೋಡೆಗೆ ನಿಮ್ಮ ಅವ್ವನ ಇಳಕಲ್ ಸೀರೆಯ ಕಸೂತಿಯನ್ನು ಟೈಲ್ಸ್ ಮೇಲೆ ಕೈಯಿಂದ ಬರೆಸಬೇಕು, ಬಣ್ಣ ಎಷ್ಟು ವರ್ಷ ಬಾಳುತ್ತದೆ, ಏನೇನು ನೋಡಿಕೊಳ್ಳಬೇಕು ಎಂದು ಕೇಳಿದ್ದೀರಿ. ನಾನು ಧಾರವಾಡದಲ್ಲಿ ಇದೇ ಕೆಲಸ ಮಾಡುವವಳು. ನಿಮ್ಮ ಪ್ರಶ್ನೆ ಓದಿ ಬಹಳ ಖುಷಿಯಾಯಿತು.

ಭಟ್ಟಿಯಲ್ಲಿ ಸುಟ್ಟ ಬಣ್ಣ ಗೋಡೆ ಇರುವವರೆಗೂ ಇರುತ್ತದೆ, ಬಿಸಿಲಿಗೂ ಮಾಸುವುದಿಲ್ಲ. ಸುಡದ ಬಣ್ಣದ ಮೇಲೆ ಭರವಸೆ ಇಡಬೇಡಿ. ಅಕ್ರಿಲಿಕ್ಕಿನಲ್ಲೋ ಎನಾಮೆಲ್ ಪೇಂಟಿನಲ್ಲೋ ಬರೆದು ಮೇಲೆ ವಾರ್ನಿಷ್ ಹೊಡೆದು ಕೊಡುವವರಿದ್ದಾರೆ. ಟೈಲಿನ ನುಣುಪು ಮೈಗೆ ಆ ಬಣ್ಣ ಬರೀ ಅಂಟಿಕೊಂಡಿರುತ್ತದೆ, ಹಬ್ಬಕ್ಕೆ ಮನೆ ತೊಳೆಯುವಾಗ ಹಕ್ಕಳೆಯಾಗಿ ಏಳುತ್ತದೆ. ಹಾಗಾಗಿ ಬರೆಯುವವರನ್ನು ಮೊದಲು "ಎಷ್ಟು ಡಿಗ್ರಿಗೆ ಸುಡ್ತೀರಿ?" ಎಂದೇ ಕೇಳಿ. ಟೈಲಿನ ಮೇಲಿರುವ ಗಾಜಿನಂಥ ಹೊಳಪು ಪದರಕ್ಕೆ ಗ್ಲೇಜ್ ಎನ್ನುತ್ತಾರೆ. ಅಂಗಡಿಯ ಬಿಳಿ ಟೈಲ್ ಮೇಲೆ ಓವರ್‌ಗ್ಲೇಜ್ ಬಣ್ಣದಲ್ಲಿ, ಅಂದರೆ ಆ ಗ್ಲೇಜಿನ ಮೇಲೆಯೇ ಹಚ್ಚುವ ಬಣ್ಣದಲ್ಲಿ ಬರೆದರೆ ಸುಮಾರು 750ರಿಂದ 850 ಡಿಗ್ರಿ ಸೆಲ್ಸಿಯಸ್ ಬೇಕು. ಗ್ಲೇಜ್ ಇಲ್ಲದ ಟೈಲ್ ಮೇಲೆ ಬರೆದು, ಆಮೇಲೆ ಪಾರದರ್ಶಕ ಗ್ಲೇಜ್ ಕೊಡುವುದಾದರೆ 1000 ಡಿಗ್ರಿ ದಾಟಬೇಕು. ಅಡುಗೆಮನೆಯ ಒಲೆಯ ಹಿಂದೆ ಹಾಕುವುದಿದ್ದರೆ ಎರಡನೆಯದೇ ಒಳ್ಳೆಯದು. ನಿಂಬೆಹುಳಿ, ತಿಕ್ಕುವ ಪುಡಿ ಯಾವುದೂ ಬಣ್ಣದವರೆಗೆ ಹೋಗುವುದಿಲ್ಲ. ಪಡಸಾಲೆಗೆ ಮೊದಲನೆಯದು ಸಾಕು.

ಇನ್ನು ಕಸೂತಿ. ಇದು ಗೆರೆ ಎಳೆದು ಮಾಡುವ ಕೆಲಸವಲ್ಲ, ಎಳೆ ಎಣಿಸಿ ಮಾಡುವ ಕೆಲಸ. ಗವಂತಿ, ಮುರಗಿ, ನೇಗಿ, ಮೆಂತೆ, ನಾಲ್ಕೂ ಹೊಲಿಗೆ ಲೆಕ್ಕದ ಮೇಲೆಯೇ ನಡೆಯುತ್ತವೆ. ಚಿತ್ರ ಬರೆದು ಅಭ್ಯಾಸವಿದ್ದವರು ಕಸೂತಿಯ ಆನೆಗೆ ದುಂಡನೆಯ ಬೆನ್ನು ಬರೆದುಬಿಡುತ್ತಾರೆ, ಆಗ ಅದು ಕ್ಯಾಲೆಂಡರಿನ ಆನೆಯಾಗುತ್ತದೆ. ಕಸೂತಿಯ ಆನೆಯ ಬೆನ್ನು ಮೆಟ್ಟಿಲು ಮೆಟ್ಟಿಲಾಗಿಯೇ ಇಳಿಯಬೇಕು. ನಾನು 6 ಇಂಚಿನ ಟೈಲ್ ತೆಗೆದುಕೊಂಡು ಪೆನ್ಸಿಲ್ಲಿನಿಂದ 5 ಮಿಲಿಮೀಟರಿನ ಚೌಕ ಹಾಕುತ್ತೇನೆ. ಒಂದು ಟೈಲಿಗೆ ಅಡ್ಡಡ್ಡ 30 ಮನೆ ಬರುತ್ತವೆ. ಪೆನ್ಸಿಲ್ ಗೆರೆ ಭಟ್ಟಿಯಲ್ಲಿ ತಾನೇ ಸುಟ್ಟುಹೋಗುತ್ತದೆ, ಅಳಿಸುವ ಗೋಜಿಲ್ಲ. ಆದರೆ ಎರಡು ಟೈಲ್ ನಡುವೆ 2 ಮಿಲಿಮೀಟರ್ ಸಂದಿ ಬಿಡಬೇಕಲ್ಲ, ಅಲ್ಲಿ ಎಣಿಕೆ ಮುರಿಯುತ್ತದೆ. ಅದಕ್ಕೇ ಆನೆಯನ್ನು, ತುಳಸಿಕಟ್ಟೆಯನ್ನು 28 ಮನೆಯೊಳಗೆ ಕೂರಿಸಿ ಎರಡೂ ಬದಿ ಒಂದೊಂದು ಮನೆ ಖಾಲಿ ಬಿಡುತ್ತೇನೆ. ಗೋಪುರ, ತೇರು ದೊಡ್ಡವು, ನಾಲ್ಕಾರು ಟೈಲಿಗೆ ಹಬ್ಬುತ್ತವೆ. ಅವುಗಳ ನಡುಗೆರೆ ಮಾತ್ರ ಸಂದಿಯ ಮೇಲೆ ಬೀಳಕೂಡದು, ಟೈಲಿನ ನಟ್ಟನಡುವೆ ಬರಬೇಕು. ಕಳಶ ಎರಡು ಹೋಳಾದರೆ ಗೋಪುರವೇ ಸೀಳಿದಂತೆ ಕಾಣುತ್ತದೆ.

ಸೀರೆಯ ಮೈಬಣ್ಣ ಕಪ್ಪಾಗಿದ್ದರೆ ಒಂದು ತೊಡಕಿದೆ. ಓವರ್‌ಗ್ಲೇಜ್ ಬಣ್ಣ ಬಹುಪಾಲು ತೆಳು, ಕಪ್ಪಿನ ಮೇಲೆ ಹಳದಿ ಎಳೆ ಎದ್ದು ಕಾಣುವುದಿಲ್ಲ. ಬಿಳಿ ನೆಲದ ಮೇಲೆ ಬಣ್ಣದ ಎಳೆ ಬರೆಸುವುದೇ ಚೆಂದ. ಕೆಂಪು ಹಟಮಾರಿ. ಕ್ಯಾಡ್ಮಿಯಂ ಕೆಂಪನ್ನು ಬೇರೆ ಬಣ್ಣದೊಂದಿಗೆ ಬೆರೆಸಿದರೂ ಕೆಡುತ್ತದೆ, ಕಾವು ಹೆಚ್ಚಾದರೂ ಕೆಡುತ್ತದೆ. ನಿಮ್ಮ ಎಲ್ಲ ಬಣ್ಣಗಳ ಒಂದು ನಮೂನೆ ಟೈಲ್ ಸುಡಿಸಿ ಕೈಯಲ್ಲಿ ಹಿಡಿದು ನೋಡಿದ ಮೇಲೆಯೇ ಒಪ್ಪಿಗೆ ಕೊಡಿ. ಮತ್ತೆ, ಅವಸರ ಮಾಡಬೇಡಿ. ಕಾವು ನಿಧಾನ ಏರಬೇಕು, ರಾತ್ರಿಯಿಡೀ ಆರಬೇಕು. ಬೇಗ ಬಾಗಿಲು ತೆಗೆದರೆ ಟೈಲ್ ಟಣ್ ಎಂದು ಸೀಳುತ್ತದೆ.

ನನಗೆ ಆದ ಒಂದು ನಷ್ಟ ಹೇಳುತ್ತೇನೆ. 4 ಅಡಿ ಅಗಲ, 3 ಅಡಿ ಎತ್ತರದ ಗೋಡೆಗೆ 48 ಟೈಲ್ ಬರೆದಿದ್ದೆ, ಹಿಂಬದಿಗೆ ಮಾರ್ಕರ್ ಪೆನ್ನಿನಿಂದ ನಂಬರ್ ಹಾಕಿದ್ದೆ. ಸುಟ್ಟು ತೆಗೆದಾಗ ನಂಬರ್ ಒಂದೂ ಇಲ್ಲ. ಅಂಚಿನ ಟೈಲುಗಳೆಲ್ಲ ಅಕ್ಕತಂಗಿಯರ ಹಾಗೆ ಒಂದೇ ಥರ. ಗೌಂಡಿ ಬಂದು ನಿಂತು, "ಅಕ್ಕಾರ, ಯಾವ್ದು ಮೊದಲ ಹಚ್ಚಲಿ?" ಎಂದ. ಅವನ ಆ ದಿನದ ಪಗಾರ ಕೊಟ್ಟು ಕಳಿಸಿ, ಮಧ್ಯಾಹ್ನದವರೆಗೆ ನೆಲದ ಮೇಲೆ ಹೊಂದಿಸಿದೆ. ಈಗ ಸುಡುವ ಬಣ್ಣದಿಂದಲೇ ನಂಬರ್ ಬರೆಯುತ್ತೇನೆ.

ಗೋಡೆಯ ಮಾತು. ನಿಮ್ಮ ಜಾಗ ಎರೆಭೂಮಿಯಾದರೆ ಮಳೆಗಾಲಕ್ಕೆ ನೆಲ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ನವಲಗುಂದ, ಗದಗ ಕಡೆ ಗೋಡೆ ಬಿರಿದದ್ದನ್ನು ನೋಡಿರುತ್ತೀರಿ. ಗೋಡೆ ಬಿರಿದರೆ ಟೈಲೂ ಬಿರಿಯುತ್ತದೆ. ಸಿಮೆಂಟ್ ಬೋರ್ಡಿನ ಮೇಲೆ ಹಚ್ಚಿಸಿ, ಆ ಬೋರ್ಡನ್ನು ಗೋಡೆಗೆ ಸ್ಕ್ರೂ ಮಾಡಿಸಿ. ಮುಂದೆ ಮನೆ ಬದಲಿಸಿದರೂ ಬಿಚ್ಚಿಕೊಂಡು ಒಯ್ಯಬಹುದು. ಸಂದಿಗೆ ಅಚ್ಚ ಬಿಳಿ ಬೇಡ, ತಿಳಿ ಬೂದು ತುಂಬಿಸಿ. ಬಿಳಿ ಬೇಗ ಕೊಳೆಯಾಗುತ್ತದೆ.

ನೀವೇ ಕಲಿಯುವ ಮನಸ್ಸಿದ್ದರೆ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಇದೆ, ಅಲ್ಲಿ ವಿಚಾರಿಸಿ.

ಕೊನೆಗೆ, ಬರೆಯುವವರಿಗೆ ಮೊಬೈಲ್ ಫೋಟೋ ಕಳಿಸಿ ಸುಮ್ಮನಾಗಬೇಡಿ, ಸೀರೆಯನ್ನೇ ಒಯ್ದು ತೋರಿಸಿ. ಬಣ್ಣ ಆರಿಸುವಾಗ ಸೆರಗನ್ನು ತಿರುವಿ ಹಿಂಬದಿ ನೋಡಿ. ಕಸೂತಿಯಲ್ಲಿ ಗಂಟು ಹಾಕುವುದಿಲ್ಲ. ಗವಂತಿ, ಮುರಗಿ ಎರಡೂ ಬದಿ ಒಂದೇ ಥರ ಕಾಣುತ್ತವೆ. ಬಿಸಿಲು ಕಾಣದ ಆ ಬದಿಯಲ್ಲಿ, ಅವ್ವ ಸೀರೆ ಹೊಸದಾಗಿ ಉಟ್ಟಾಗ ಇದ್ದ ಬಣ್ಣ ಇನ್ನೂ ಉಳಿದಿರುತ್ತದೆ.